ವಸ್ತಿ ಬಸ್ಸಿನ ಕಂಡಕ್ಟರು ನಮ್ಮ ಮ್ಯಾನೇಜರ್ ಆದದ್ದು

ನಮ್ಮ ಗಜೇಂದ್ರಗಡದ ಫುಟ್‌ಬಾಲ್ ಕ್ಲಬ್ಬು ಮೂರು ವರ್ಷ ಒಂದೂ ಆಟ ಗೆದ್ದಿರಲಿಲ್ಲ. ಮೂರನೆಯ ಸಲವೂ ರೋಣದ ಟೂರ್ನಮೆಂಟಿನಲ್ಲಿ ಮೊದಲ ದಿನವೇ ಸೋತು ಬಂದಾಗ, ನಮ್ಮ ನೇಕಾರ ಓಣಿಯ ಹಿರಿಯರು ನಮ್ಮನ್ನೆಲ್ಲ ಗುಡಿಯ ಪಡಸಾಲೆಗೆ ಕರೆಸಿದರು. ನಾವು ಆಡುವ ಬಯಲು ಗುಡ್ಡದ ಬುಡದಲ್ಲಿದೆ, ಓಣಿಗೆ ಸೇರಿದ್ದು. ಅಲ್ಲೊಂದು ಸಮುದಾಯ ಭವನ ಕಟ್ಟಬೇಕೆಂಬುದು ಹಿರಿಯರ ಬಹುದಿನದ ಆಸೆ. ಮನೆಯಲ್ಲಿ ಲಗ್ನ ಬಂದರೆ ಜಾಗಕ್ಕಾಗಿ ನಾವು ಊರೆಲ್ಲ ತಿರುಗುತ್ತೇವೆ, ಅದೂ ಸುಳ್ಳಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನಾವು ತಲೆ ತಗ್ಗಿಸಿ ನಿಂತೆವು.

"ಇನ್ನೊಂದು ವರ್ಷ ಕೊಡತೀವಿ. ಬರೋ ವರ್ಷ ರೋಣದಾಗ ಒಂದರ ಆಟ ಗೆದ್ದ ಬರ್ರಿ. ಇಲ್ಲಂದ್ರ ಆ ಗೋಲಿನ ಕಂಬ ಕಿತ್ತು ಪಾಯಾ ತೋಡತೀವಿ. ಆಮ್ಯಾಲ ಹಿರ್‍ಯಾರು ಹಿಂಗ ಮಾಡಿದ್ರು ಅಂತ ನಮ್ಮ ಮ್ಯಾಲ ಸಿಟ್ಟಾಗಬ್ಯಾಡ್ರಿ" ಎಂದರು ಎಲ್ಲರಿಗಿಂತ ದೊಡ್ಡವರು.

ಕ್ಯಾಪ್ಟನ್ ನಾನು. ಗೋಲು ಕಾಯುವ ಗೋಲಿಯ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಜಾಗ ನನ್ನದು, ಹದಿನೆಂಟು ವರ್ಷದಿಂದ. ಏಳನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತವನು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನಕ್ಕೆ ಹತ್ತು ತಾಸು ತುಳಿದ ಕಾಲು ಇವು. ನಾನು ನೇಯ್ದ ಸೀರೆಯ ಅಂಚಿನಲ್ಲಿ ತಪ್ಪಿದೆಯೆಂದು ಯಾರೂ ಬೆರಳಿಟ್ಟು ತೋರಿಸಿಲ್ಲ. ಬಯಲಿನಲ್ಲೂ ಹಾಗೇ ಇರಬೇಕೆಂದು ಆಡಿದವನು. ಆದರೂ ಅಂದು ಗುಡಿಯಿಂದ ಮನೆಗೆ ಬರುವಾಗ ಯಾರ ಮುಖವನ್ನೂ ನೋಡಲಿಲ್ಲ.

ನಮ್ಮ ಹಳೆಯ ಮ್ಯಾನೇಜರರು ನೂಲಿನ ವ್ಯಾಪಾರಿ. ವಯಸ್ಸಾಯಿತೆಂದು ಅದೇ ವರ್ಷ ಬಿಟ್ಟಿದ್ದರು. ಅವರಿದ್ದಾಗ ಮ್ಯಾನೇಜರ್ ಅಂದರೆ ಚೆಂಡಿಗೆ ಗಾಳಿ ಹೊಡೆಸುವವರು, ಅರ್ಧ ಆಟಕ್ಕೆ ಲಿಂಬೆಹಣ್ಣು ಕತ್ತರಿಸಿ ಕೊಡುವವರು ಎಂದೇ ನಾವು ತಿಳಿದಿದ್ದೆವು. ಆಟ ಹೇಳಿಕೊಡುವವರು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನರಗುಂದದಿಂದ ರೋಣದ ಮೇಲೆ ಹಾಯ್ದು ಬರುವ ಬಸ್ಸೊಂದು ದಿನಾ ಕತ್ತಲಾಗುವ ಹೊತ್ತಿಗೆ ನಮ್ಮೂರಿಗೆ ಬಂದು ವಸ್ತಿ ಮಾಡುತ್ತದೆ, ಬೆಳಿಗ್ಗೆ ಹೊರಳಿ ಹೋಗುತ್ತದೆ. ಅದರ ಕಂಡಕ್ಟರು ನಸುಕಿನಲ್ಲಿ ಎದ್ದು ಬೇವಿನ ಕಡ್ಡಿ ಕಚ್ಚಿಕೊಂಡು ನಮ್ಮ ಬಯಲಿನ ಅಂಚಿಗೆ ಬಂದು ನಿಲ್ಲುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ಸಣ್ಣ ಆಳು, ದೊಡ್ಡ ದನಿ. ನಮ್ಮ ಪ್ರಾಕ್ಟೀಸು ನೋಡುವುದು, ನಡುನಡುವೆ ತಮ್ಮಷ್ಟಕ್ಕೆ ನಗುವುದು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ನಗೂವಂಥಾದ್ದು ಏನೈತ್ರಿ ಇದ್ರಾಗ?" ಎಂದೆ.

ಅವರು ಕಡ್ಡಿ ಬಾಯಿಂದ ತೆಗೆದರು. "ನಗು ಅಲ್ರಿ, ಹೊಟ್ಟಿ ಉರಿ. ನರಗುಂದದ ಟೀಮಿನಾಗ ನಾ ಹನ್ನೆರಡು ವರ್ಷ ಆಡೇನಿ. ನಿಮ್ಮೂರವರನ್ನ ಎಷ್ಟೋ ಸಲ ಸೋಲಿಸೇವಿ. ಕಾಲಾಗ ನಮಗಿಂತ ಜೋರ ಇದ್ದೋರು ನೀವು. ಆದ್ರೂ ಸೋಲತೀರಿ. ಯಾಕಂತ ನಿಮಗ ಒಬ್ಬರಿಗೂ ಗೊತ್ತಿಲ್ಲ, ನೋಡ್ರಿ."

ನಮ್ಮ ಗೋಲಿ ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟವನು. ಮೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವನು ಅಲ್ಲಿಂದಲೇ ಕೂಗಿದ: "ಗೊತ್ತಿದ್ದೋರು ನೀವು ಹೇಳಿಕೊಡ್ರಲಾ ಮತ್ತ! ದಿನಾ ನನ್ನ ಅಂಗಡ್ಯಾಗ ಚಹಾ ಕುಡಿದ ಋಣ ಐತಿ."

ಹೀಗೆ ಚೇಷ್ಟೆಯಲ್ಲಿ ಶುರುವಾದ ಮಾತು ಹಿರಿಯರ ತನಕ ಹೋಯಿತು. ಅವರು ಕರೆಸಿ ಮಾತಾಡಿ, ಕಂಡಕ್ಟರರನ್ನೇ ಮ್ಯಾನೇಜರ್ ಮಾಡಿದರು. ಓಣಿಯಲ್ಲಿ ಎಲ್ಲರಿಗೂ ಸರಿಬರಲಿಲ್ಲ. ನಮ್ಮನ್ನು ಸೋಲಿಸಿದ ಊರಿನವನ ಕೈಗೆ ನಮ್ಮ ಟೀಮು ಕೊಟ್ಟರಲ್ಲ ಎಂದು ಗೊಣಗಿದವರಿದ್ದರು. ಅವರಲ್ಲಿ ನಾನೂ ಒಬ್ಬ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಬಸ್ಸು ಬಿಡುವ ಮೊದಲು ಒಂದೂವರೆ ತಾಸು ನಮ್ಮ ಪ್ರಾಕ್ಟೀಸು. ಅವರು ಆಟ ಹೇಳಿಕೊಡುವ ಭಾಷೆಯೂ ಬಸ್ಸಿನದೇ. ನಾವೆಲ್ಲ ಚೆಂಡಿನ ಸುತ್ತ ಗುಂಪುಗೂಡಿದರೆ ಸೀಟಿ ಊದಿ, "ಎಲ್ಲಾರೂ ಬಾಗಲದಾಗ ನಿಂತ್ರ ಹ್ಯಾಂಗ್ರಿ? ಹಿಂದ ಸೀಟ್ ಖಾಲಿ ಅದಾವ, ಸರೀರಿ, ಸರೀರಿ!" ಎನ್ನುವರು. ಒಬ್ಬನೇ ಚೆಂಡು ಹಿಡಿದುಕೊಂಡು ಓಡಿದರೆ, "ಏ ತಮ್ಮಾ, ನೀ ಒಬ್ಬನ ಪ್ಯಾಸೆಂಜರ್ ಅಲ್ಲ, ಉಳಿದ ಮಂದೀನೂ ಹತ್ತಿಸಿಕೋ!" ನಮ್ಮ ಗೋಲಿಯನ್ನು ಬಯಲು ಸುತ್ತು ಹಾಕಲು ಹೇಳಿದಾಗ ಅವನು ಕೈ ಮುಗಿದ: "ಸಾಹೇಬ್ರ, ನನಗ ಅರ್ಧಾ ಟಿಕೀಟ ಹರೀರಿ. ಅರ್ಧಾ ಸುತ್ತ ಓಡತೀನಿ." ನಾವು ನಕ್ಕೆವು. ಅವರು ನಗಲಿಲ್ಲ. ಮೂರು ಸುತ್ತು ಓಡಿಸಿದರು.

ಎರಡು ತಿಂಗಳಲ್ಲಿ ಟೀಮು ಬೇರೆಯಾಯಿತು. ಅದನ್ನು ನಾನು ಇಲ್ಲವೆನ್ನಲಾರೆ. ಚೆಂಡು ಕಾಲಿನಿಂದ ಕಾಲಿಗೆ ಹೋಗತೊಡಗಿತು, ಯಾರ ಹಿಂದೆ ಯಾರಿದ್ದಾರೆಂದು ಹೊರಳಿ ನೋಡದೆಯೇ ಗೊತ್ತಾಗತೊಡಗಿತು. ಆದರೆ ಒಂದು ವಿಷಯ ಅವರು ಅಲ್ಲಿಯವರೆಗೆ ಎತ್ತಿರಲಿಲ್ಲ.

ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಕಡೆ ಎಲ್ಲರಿಗೂ ಇರುವ ರೂಢಿ. ಗದ್ದಲದ ಬಸ್ಸಿನಲ್ಲಿ ಗುರುತಿಲ್ಲದವನಿಗೆ ತಾಗಿದರೂ ಮಾಡುತ್ತೇವೆ, ಪುಸ್ತಕಕ್ಕೆ ತಾಗಿದರೂ ಮಾಡುತ್ತೇವೆ, ಮಗ್ಗದ ಲಾಳಿಗೆ ತಾಗಿದರೂ ಮಾಡುತ್ತೇವೆ. ನಮ್ಮಪ್ಪ ಮತ್ತು ಅವನ ಜೊತೆಯ ನೇಕಾರರು ಈ ಕ್ಲಬ್ಬು ಕಟ್ಟಲು ಹೊರಟಾಗ ಆಗಿನ ಹಿರಿಯರು ಅಡ್ಡ ಬಂದಿದ್ದರಂತೆ. ಮಂದಿಗೆ ಕಾಲು ಹಚ್ಚುವ ಆಟ ನಮಗೇಕೆ ಎಂದು. ಆಗ ನಮ್ಮಪ್ಪ ಮಾತು ಕೊಟ್ಟ: ಬಯಲಿನಲ್ಲೂ ರೂಢಿ ಬಿಡುವುದಿಲ್ಲ, ಎದುರಾಳಿಗೆ ಕಾಲು ತಾಗಿದರೆ ಅಲ್ಲೇ, ಆಗಲೇ ನಮಸ್ಕಾರ ಮಾಡುತ್ತೇವೆ. ಆ ಮಾತಿನ ಮೇಲೆ ಬಯಲು ಸಿಕ್ಕಿತು. ಅಂದಿನಿಂದ ನಾವು ಕ್ಲಬ್ಬಿನವರು ಆಟದ ನಡುವೆಯೇ ನಿಂತು, ಬಗ್ಗಿ, ಎದುರಿನವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮುಂದೆ ಓಡುತ್ತಿದ್ದೆವು. ರೋಣದ ಮಂದಿ ನಮ್ಮನ್ನು ನೋಡಿದೊಡನೆ, "ಬಂದ್ರಪಾ ನಮಸ್ಕಾರದ ಟೀಮಿನವರು! ಕಾಯಿ, ಕರ್ಪೂರ ತಂದೀರಿಲ್ಲೋ?" ಎಂದು ಕಾಡುತ್ತಿದ್ದರು. ಕಾಡಲಿ. ಸೋತರೂ ನಾವು ಮರ್ಯಾದಿಯ ಮಂದಿ ಎಂದು ನಾನು ಎದೆ ಎತ್ತಿಯೇ ನಡೆಯುತ್ತಿದ್ದೆ.

ಕಂಡಕ್ಟರರು ತಮ್ಮ ರಜೆಯ ದಿನ ನಮ್ಮ ಮನೆಗೆ ಬಂದರು. ನಾನು ಮಗ್ಗದ ಕುಣಿಯಲ್ಲಿದ್ದೆ. ಅವರು ಪಕ್ಕದಲ್ಲಿ ನೆಲಕ್ಕೇ ಕುಳಿತರು. ನನ್ನ ಹೆಂಡತಿ ಚಹಾ ತಂದಿಟ್ಟಳು.

"ಕ್ಯಾಪ್ಟನ್ನರ, ಒಂದ ಮಾತ ಕೇಳತೀನಿ. ಸಿಟ್ಟಾಗಬಾರದು."

"ಕೇಳ್ರಿ."

"ಒಂದ ಆಟದಾಗ ನೀವೆಲ್ಲಾ ಸೇರಿ ಎಷ್ಟ ಸಲ ಬಗ್ಗತೀರಿ, ಗೊತ್ತೈತೇನು?"

"ನಮಸ್ಕಾರ ಯಾರಾದ್ರೂ ಎಣಿಸತಾರೇನ್ರಿ?"

"ನಾ ಎಣಿಸೇನಿ. ಆಡತಿದ್ದಾಗನ ಎಣಿಸತಿದ್ದೆ. ಮೂವತ್ತರ ಮ್ಯಾಲ. ನೀವು ಬಗ್ಗಿದಾಗ ಚೆಂಡು ನಿಮ್ಮ ಹಾದಿ ಕಾಯತೈತೇನು?" ಎಂದು ಚಹಾ ಗುಟುಕರಿಸಿದರು. "ಇನ್ನೊಂದ ಹೇಳತೀನಿ. ಇದಕ್ಕ ನೀವು ಖರೇನ ಸಿಟ್ಟಾಗತೀರಿ. ನರಗುಂದದಾಗ ನಾವು ಬೇಕಂತ ಕಾಲು ಮುಂದ ಮಾಡತಿದ್ವಿ. ತಾಗಿಸಿಕೊಂಡ್ರ ಸಾಕು, ಗಜೇಂದ್ರಗಡದವರು ನಿಂತಬಿಡತಾರ. ಹುಡುಗರಿಗೆ ಅದನ್ನ ಕಲಿಸಿಕೊಟ್ಟಾವ ನಾನ."

ನನ್ನ ಕೈಯಲ್ಲಿದ್ದ ಲಾಳಿ ನಿಂತಿತು. ನಾವು ಮರ್ಯಾದಿ ಎಂದು ಮಾಡಿದ್ದನ್ನು ಇವರು ಹನ್ನೆರಡು ವರ್ಷ ಹಿಡಿಕೆ ಮಾಡಿಕೊಂಡು ನಮ್ಮನ್ನು ಎಳೆದಾಡಿದ್ದರು.

"ರೂಢಿ ಬಿಡ್ರಿ ಅಂತ ನಾ ಅನ್ನಂಗಿಲ್ಲ" ಎಂದರು ಅವರು. "ಆಟ ಮುಗದ ಮ್ಯಾಲ ಹನ್ನೊಂದೂ ಮಂದೀಗೆ ಮಾಡ್ರಿ. ತಾಗಿದವರಿಗೂ ಮಾಡ್ರಿ, ತಾಗದವರಿಗೂ ಮಾಡ್ರಿ. ಹಿರ್‍ಯಾರನ್ನೂ ಕೇಳೇನಿ, ಆಗಲಿ ಅಂದಾರ."

"ಅಲ್ಲೇ, ಆಗಲೇ ಅಂತ ನಮ್ಮಪ್ಪ ಮಾತ ಕೊಟ್ಟಾನ್ರಿ."

"ನಿಮ್ಮಪ್ಪಾರು ಕ್ಲಬ್ ಇರಲಿ ಅಂತ ಮಾತ ಕೊಟ್ರೋ, ಮುಚ್ಚಲಿ ಅಂತ ಕೊಟ್ರೋ?"

"ನೀವು ಸಾಲಿ ಕಲತಾವರು. ಮಾತಿನಾಗ ನಿಮ್ಮನ್ನ ಗೆಲ್ಲೂದು ನನ್ನ ಕೈಲೆ ಆಗಂಗಿಲ್ಲ, ಬಿಡ್ರಿ" ಎಂದು ಮತ್ತೆ ತುಳಿಯತೊಡಗಿದೆ. ಅವರು ಚಹಾ ಮುಗಿಸಿ ಎದ್ದರು. ಅವರು ಹೋದ ಮೇಲೆ ಹೆಂಡತಿ ಕಪ್ಪು ಎತ್ತಿಕೊಳ್ಳುತ್ತ, "ಅವರು ಮಾತಿನಾಗ ಎಲ್ಲಿ ಗೆದ್ರು? ಇದ್ದದ್ದು ಹೇಳಿದ್ರು" ಎಂದಳು. ಆ ದಿನ ನೇಯ್ದ ಗೇಣು ಬಟ್ಟೆಯನ್ನು ಮರುದಿನ ಬಿಚ್ಚಿ ಮತ್ತೆ ನೇಯಬೇಕಾಯಿತು.

ಉಳಿದ ಹತ್ತು ಮಂದಿ ಹೊಸ ಪದ್ಧತಿಗೆ ಒಪ್ಪಿದರು. ಮೊದಮೊದಲು ಭಾಳ ಕಷ್ಟವಾಯಿತು. ಕಾಲು ತಾಗಿದೊಡನೆ ಕೈ ತಾನಾಗಿ ಕೆಳಗೆ ಹೋಗುವುದು, ಕಂಡಕ್ಟರರು "ರೈಟ್! ರೈಟ್! ನಿಲ್ಲಬ್ಯಾಡ್ರಿ!" ಎಂದು ಕೂಗುವುದು. ಕೆಲವರು ಕೈಗಳನ್ನು ಎದೆಗೆ ಕಟ್ಟಿಕೊಂಡೇ ಓಡಿ ಅಭ್ಯಾಸ ಮಾಡಿದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪ್ರಾಕ್ಟೀಸಿನಲ್ಲಿ ನನಗೆ ಕಾಲು ತಾಗುವ ಹಾಗೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಹಿರಿಯನೆಂದು ಬಿಟ್ಟುಕೊಡುತ್ತಿದ್ದರು. ಹಾಗಾಗಿ ನಾನು ಏನು ಮಾಡುತ್ತೇನೆಂದು ಯಾರಿಗೂ ಗೊತ್ತಾಗಲಿಲ್ಲ.

ರೋಣದ ಟೂರ್ನಮೆಂಟಿನಲ್ಲಿ ನಮಗೆ ಬಂದ ಎದುರಾಳಿ ನರಗುಂದವೇ. ಚೀಟಿ ಎತ್ತಿದ ಸುದ್ದಿ ಬಂದ ದಿನ ಚಹಾದಂಗಡಿಯ ಮುಂದೆ ಒಬ್ಬ, "ನರಗುಂದದಾವ ನರಗುಂದದ ವಿರುದ್ಧ ಆಡಸ್ತಾನೇನಲೇ? ಆ ಬಸ್ಸು ಎಲ್ಲಿಂದ ಬಂದೈತೋ ಹೊಳ್ಳಿ ಅಲ್ಲಿಗೇ ಹೋಗೂದು" ಎಂದ. ಕಂಡಕ್ಟರರು ಅಲ್ಲೇ ಬಾಕಿನ ಮೇಲೆ ಕುಳಿತಿದ್ದರು. ಕೇಳಿಸಿತು. ಚಹಾ ಮುಗಿಸಿ ಎದ್ದು ಹೋದರು. ನಾನೂ ಅಲ್ಲೇ ಇದ್ದೆ. ನಾನು ಬೇರೆ ಕಡೆ ಮುಖ ಮಾಡಿದೆ.

ರೋಣದ ಬಯಲು ಎರೆ ಮಣ್ಣಿನದು. ಹಿಂದಿನ ದಿನ ಬಿದ್ದ ಹನಿಗೆ ಅಲ್ಲಲ್ಲಿ ಮೆತ್ತಗಾಗಿತ್ತು. ಮೊದಲ ಅರ್ಧದಲ್ಲಿ ಅವರು ಒಂದು ಗೋಲು ಹೊಡೆದರು. ಆದರೆ ನಾವು ಎದೆಗುಂದಲಿಲ್ಲ. ನರಗುಂದದವರು ಹಳೆಯ ಚಾಳಿಯಂತೆ ಕಾಲು ಮುಂದೆ ಮಾಡುತ್ತಲೇ ಇದ್ದರು, ನಮ್ಮವರು ನಿಲ್ಲದೆ ದಾಟಿ ಹೋಗುತ್ತಲೇ ಇದ್ದರು. ಅವರ ಮುಖದ ಗಲಿಬಿಲಿ ನೋಡುವಂತಿತ್ತು. ಎರಡನೆಯ ಅರ್ಧದಲ್ಲಿ ನಮ್ಮವರು ನಾಲ್ಕು ಕಾಲು ದಾಟಿಸಿ ಚೆಂಡನ್ನು ಮುಂದೆ ಒಯ್ದು ಗೋಲು ಮಾಡಿದಾಗ, ನೋಡಲು ಬಂದಿದ್ದ ನಮ್ಮ ಹಿರಿಯರೊಬ್ಬರು ಟೋಪಿ ತೆಗೆದು ಗಾಳಿಯಲ್ಲಿ ಬೀಸಿದರು. ಗಜೇಂದ್ರಗಡದವರು ಹಾಗೆ ಆಡಿದ್ದನ್ನು ನಾನೂ ಕಂಡಿರಲಿಲ್ಲ.

ಒಂದಕ್ಕೊಂದು ಸಮ. ಇನ್ನು ಸ್ವಲ್ಪ ಹೊತ್ತು ಉಳಿದಿತ್ತು. ಅವರ ಮುಂದಿನ ಆಟಗಾರ, ನನ್ನ ವಯಸ್ಸಿನವನೇ, ಚೆಂಡು ಹಿಡಿದು ನೇರ ನನ್ನ ಮೇಲೆ ಬಂದ. ನಾನು ಕಾಲು ಹಾಕಿದೆ. ಚೆಂಡು ಅವನಿಂದ ತಪ್ಪಿ ನನ್ನ ಬಲಕ್ಕೆ, ಎರಡು ಹೆಜ್ಜೆ ದೂರ ಹೋಗಿ ನಿಂತಿತು. ಹೋಗಿ ಒದ್ದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕಾಲು ಅವನ ಮೊಣಕಾಲಿಗೆ ತಾಗಿತ್ತು. ನಾನು ನಿಂತೆ. ಬಗ್ಗಿದೆ. ಅವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ತಲೆ ಎತ್ತುವಷ್ಟರಲ್ಲಿ ಅವರ ಇನ್ನೊಬ್ಬ ಬಂದು ಚೆಂಡನ್ನು ಗೋಲಿನೊಳಗೆ ಹಾಕಿದ್ದ. ನಮ್ಮ ಗೋಲಿ ನೆಲಕ್ಕೆ ಬಿದ್ದಲ್ಲಿಂದಲೇ ನನ್ನ ಕಡೆ ನೋಡಿದ.

ಕೈ ತಾನಾಗಿ ಹೋಯಿತು ಎಂದು ಅಂದು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಯಾರ ಕೈ ಹಾಗೆ ಹೋಗುವುದಿಲ್ಲ ಹೇಳಿ?

ಮೂರನೆಯ ದಿನ ಮತ್ತೆ ಗುಡಿಯ ಪಡಸಾಲೆ. ಅಳತೆಯ ಟೇಪು, ಭವನದ ನಕ್ಷೆ ಎರಡೂ ಅಲ್ಲೇ ಜಮಖಾನೆಯ ಮೇಲಿದ್ದವು. ಕಂಡಕ್ಟರರು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಕಂಬದ ಬಳಿ ಕುಳಿತಿದ್ದರು. ಒಬ್ಬ ಎದ್ದು ಶುರುಮಾಡಿದ: ರೂಢಿ ಬಿಡಿಸಿದ್ದಕ್ಕೇ ಹೀಗಾಯಿತು, ತಲೆ ಕೆಡಿಸಿದ್ದಕ್ಕೇ ಕ್ಯಾಪ್ಟನ್ ಅಂಥ ಹೊತ್ತಿನಲ್ಲಿ ಗಲಿಬಿಲಿಯಾದ, ನರಗುಂದದವನು ನರಗುಂದಕ್ಕೇ ಗೆಲುವು ಕೊಡಿಸಿದ. ಇನ್ನಿಬ್ಬರು ಹೌದೆಂದರು. ಹಿರಿಯರು ಕಂಡಕ್ಟರರ ಕಡೆ ತಿರುಗಿದರು.

"ಏನ್ ಹೇಳತೀರಿ?"

"ಟೀಮು ಸೋತಿದ್ದು ಖರೇ ಐತ್ರಿ. ಮ್ಯಾನೇಜರ್ ನಾನ. ನಾನ ಜವಾಬ್ದಾರ" ಎಂದರು ಅವರು. ನನ್ನ ಹೆಸರೆತ್ತಲಿಲ್ಲ.

ಅಲ್ಲಿಗೆ ಮುಗಿಯುತ್ತಿತ್ತು. ಅವರು ಹೋಗುತ್ತಿದ್ದರು, ಕಂಬ ಕೀಳುತ್ತಿದ್ದರು, ಕೊನೆಯವರೆಗೂ ಅಪ್ಪನ ಮಾತು ಉಳಿಸಿದವನೆಂದು ಓಣಿಯಲ್ಲಿ ನನ್ನ ಹೆಸರು ಉಳಿಯುತ್ತಿತ್ತು. ನಾನು ಎದ್ದು ನಿಂತೆ.

"ಅವರದು ತಪ್ಪಿಲ್ಲ್ರಿ" ಎಂದೆ. "ಕೈ ತಾನಾಗಿ ಹೋತು ಅಂತ ನಾ ಹೇಳಿದ್ದು ಸುಳ್ಳು. ಚೆಂಡು ಎಲ್ಲೈತಿ ಅಂತ ನನಗ ಕಾಣಾಕತ್ತಿತ್ತು. ಹತ್ತೂ ಮಂದಿ ಬಿಟ್ಟಾರ, ನಾ ಒಬ್ಬಾವ ಬಿಟ್ಟಿಲ್ಲ ಅಂತ ಮಂದಿ ನೋಡಲಿ ಅಂತ ಬಗ್ಗಿದೆ. ನಮಸ್ಕಾರ ಅವಗ ಮಾಡಲಿಲ್ಲ ನಾ, ನನಗ ನಾನ ಮಾಡಿಕೊಂಡೆ."

ಎಲ್ಲರಿಗಿಂತ ದೊಡ್ಡ ಹಿರಿಯರು ನನ್ನನ್ನೇ ನೋಡುತ್ತಿದ್ದರು. ಅವರು ನಮ್ಮಪ್ಪನ ಜೊತೆ ಆಡಿದವರು.

"ನಿಮ್ಮಪ್ಪ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ದ" ಎಂದರು. "ಬಗ್ಗಿದ್ದಕ್ಕಲ್ಲ. ಮೂರು ದಿನಾ ಸುಮ್ಮನ ಕುಂತಿದ್ದಕ್ಕ."

ರೋಣದಲ್ಲಿ ಟೋಪಿ ಬೀಸಿದ್ದ ಹಿರಿಯರು ಆಗ ಬಾಯಿಬಿಟ್ಟರು. ತಪ್ಪು ಒಬ್ಬನದು, ಆಡಿದವರು ಹತ್ತು ಮಂದಿ, ಆ ಹತ್ತು ಮಂದಿಯ ಆಟ ತಾವು ಕಣ್ಣಾರೆ ಕಂಡದ್ದು ಎಂದರು. ವಾದ ಭಾಳ ಹೊತ್ತು ನಡೆಯಿತು. ಕಡೆಗೆ ಟೇಪು ಸುತ್ತಿ ಒಳಗಿಟ್ಟರು. ಇನ್ನೊಂದು ವರ್ಷ, ಇದೇ ಕೊನೆ, ಮ್ಯಾನೇಜರ್ ಅವರೇ ಇರಲಿ ಎಂದಾಯಿತು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಕಂಡಕ್ಟರರು ನನ್ನ ಪಕ್ಕ ನಿಂತರು. ಉಪಕಾರದ ಮಾತು ಆಡುತ್ತಾರೆಂದು ನಾನು ಒಳಗೊಳಗೇ ಕಾದಿದ್ದೆ. ಖರೇ ಹೇಳುತ್ತೇನೆ, ಕಾದಿದ್ದೆ.

"ಬರೋ ವರ್ಷ ನೀವು ಆಡಬ್ಯಾಡ್ರಿ" ಎಂದರು. "ಕ್ಯಾಪ್ಟನ್ನೂ ಬ್ಯಾರೇದಾವ ಆಗಲಿ."

ಹೂಂ ಎಂದೆ. ಹದಿನೆಂಟು ವರ್ಷ ಒಂದು ಹೂಂನಲ್ಲಿ ಹೋಯಿತು. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ತಿಂಗಳು ಬಯಲಿನ ಕಡೆ ಹೋಗಲಿಲ್ಲ. ನಸುಕಿನಲ್ಲಿ ಸೀಟಿ ಕೇಳಿದರೆ ಮಗ್ಗಕ್ಕೆ ಬೇಗ ಕುಳಿತುಬಿಡುತ್ತಿದ್ದೆ. ಆ ಹತ್ತು ತಿಂಗಳಲ್ಲಿ ನೇಯ್ದಷ್ಟು ಸೀರೆ ನಾನು ಎಂದೂ ನೇಯ್ದಿಲ್ಲ.

ರೋಣದ ಟೂರ್ನಮೆಂಟಿಗೆ ಈಗ ಮೂರು ವಾರವಿದೆ. ಕ್ಲಬ್ಬು ಉಳಿಯುತ್ತದೆಯೇ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ನನ್ನನ್ನೇ ಕೇಳುತ್ತಾರೆ. ಗೊತ್ತಿಲ್ಲ. ಓಟದಲ್ಲಿ, ಪಾಸಿನಲ್ಲಿ ಈ ಟೀಮು ನಾನು ಆಡಿದ ಯಾವ ಟೀಮಿಗಿಂತಲೂ ಚಲೋ ಇದೆ. ಆದರೆ ನನ್ನ ಜಾಗದಲ್ಲಿ ನಿಲ್ಲುವವನು ಮನೆ ಕಟ್ಟುವಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನು. ನನಗಿಂತ ಹದಿನೈದು ವರ್ಷ ಚಿಕ್ಕವ, ಗಟ್ಟಿ ಆಳು. ಎಡಗಡೆ ಜಾಗ ಬಿಟ್ಟು ನಿಲ್ಲುತ್ತಾನೆ. ಇದು ನನಗೆ ಗೊತ್ತಾದದ್ದು ಕಳೆದ ಅಮಾವಾಸ್ಯೆ. ನಮ್ಮಲ್ಲಿ ಆ ದಿನ ಮಗ್ಗ ಹಿಡಿಯುವುದಿಲ್ಲ. ಕೈಗೆ ಕೆಲಸವಿಲ್ಲದೆ ಕಾಲು ಬಯಲಿನ ಕಡೆ ಎಳೆಯಿತು, ಸುಣ್ಣದ ಗೆರೆಯ ಆಚೆ ನಿಂತು ನೋಡಿದೆ. ಎರಡು ಸಲ ಆ ಎಡಗಡೆಯಿಂದಲೇ ಗೋಲಾಯಿತು. ಮೂರನೆಯ ಸಲ ನನ್ನ ಬಾಯಿ ತಡೆಯಲಿಲ್ಲ.

"ಎಡಕ್ಕ ಸರಿಯೋ!"

ಎಲ್ಲರೂ ಹೊರಳಿ ನೋಡಿದರು. ಗೋಲಿ, "ಬಂತಪಾ ದೊಡ್ಡ ಧ್ವನಿ, ಎಲ್ಲಿ ಕಳೆದಿತ್ತೋ ಇಷ್ಟ ದಿನಾ!" ಎಂದ. ಕಂಡಕ್ಟರರು ಸೀಟಿ ಬಾಯಿಂದ ತೆಗೆದು, "ಅಲ್ಲಿ ನಿಂತು ಒದರಿದ್ರ ಅವಗ ಹ್ಯಾಂಗ ತಿಳೀಬೇಕ್ರಿ? ಒಳಗ ಬಂದು ತೋರಿಸ್ರಿ" ಎಂದರು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವನ ಭುಜ ಹಿಡಿದು, ಗೋಲಿನ ಕಂಬ ಎಲ್ಲಿದೆ, ಎದುರಾಳಿ ಯಾವ ಮಗ್ಗುಲಿನಿಂದ ಬರುತ್ತಾನೆ, ಕಾಲು ಯಾವಾಗ ಹಾಕಬೇಕು ಎಂದು ಹೇಳಿದೆ. ಅವನು ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತು ನನ್ನ ಮುಖ ನೋಡಿದ.

"ಇನ್ನ ಅರ್ಧಾ ಹೆಜ್ಜಿ" ಎಂದೆ.